ಗಾಳಿ ತುಂಬದೆ ಒತ್ತಿದ ಬಟನ್

ಗೋಕಾಕ ಬಿಟ್ಟು ಘಟಪ್ರಭಾ ಇನ್ನೂ ಬಂದಿರಲಿಲ್ಲ. ಸ್ಟೀರಿಂಗ್ ಹಿಂದೆ ಆ ಹಳದಿ ದೀಪ ಮತ್ತೆ ಹೊತ್ತಿತು. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಹೇಳುವ ದೀಪ.

ಶುಭಾಂಗಿ ನೋಡಿದಳು. ಪಕ್ಕದ ಸೀಟಿನಲ್ಲಿದ್ದ ಗುರುಪಾದನೂ ನೋಡಿದ. ಇಬ್ಬರೂ ಏನೂ ಕಾಣದವರಂತೆ ರಸ್ತೆಯ ಕಡೆ ಮುಖ ತಿರುಗಿಸಿದರು.

ಮೂಡಲಗಿಯ ಕಾಲೇಜಿನಲ್ಲಿ ಅವಳು ಕಾಮರ್ಸ್ ಕಲಿಸುತ್ತಿದ್ದಳು, ಅವನು ಇತಿಹಾಸ. ಗೋಕಾಕದಿಂದ ದಿನವೂ ಇದೇ ಕಾರಿನಲ್ಲಿ ಜೊತೆಯಾಗಿ ಹೋಗಿ ಬರುತ್ತಿದ್ದರು. ಇನ್ನು ಅದೂ ಇಲ್ಲ. ಅವನಿಗೆ ಹುಕ್ಕೇರಿಗೆ ವರ್ಗವಾಗಿತ್ತು. ಹಿಂದಿನ ಸೀಟಿನಲ್ಲಿ ಅವನ ಹಾಸಿಗೆಯ ಸುರುಳಿ, ಪುಸ್ತಕದ ಚೀಲಗಳು, ಒಂದು ಟೇಬಲ್ ಫ್ಯಾನು. ಬಿಟ್ಟು ಬರುತ್ತೇನೆಂದು ಅವಳೇ ಹೇಳಿದ್ದಳು.

ಗುರುಪಾದ ಕೈ ಚಾಚಿದ. ಸ್ಟೀರಿಂಗಿನ ಕೆಳಗೆ ಒಂದು ಸಣ್ಣ ಬಟನ್ ಇತ್ತು. ಅದನ್ನು ಒತ್ತಿ ಹಿಡಿದರೆ ದೀಪ ಮಿನುಗಿ ಆರುತ್ತದೆ. ಇಷ್ಟು ದಿನವೂ ಹಾಗೆಯೇ ಆರಿಸಿದ್ದ. ಪ್ರತಿ ಸಲವೂ ಅವನ ಅಂಗಿಯ ತೋಳು ಅವಳ ಮೊಣಕೈಗೆ ತಾಗುತ್ತಿತ್ತು. ಅವಳು ಉಸಿರು ಬಿಗಿಹಿಡಿದು ರಸ್ತೆ ನೋಡುತ್ತಿದ್ದಳು.

"ಇವತ್ತ ಒತ್ತಬ್ಯಾಡ್ರಿ," ಅಂದಳು.

ಅವನ ಕೈ ಅರ್ಧದಲ್ಲೇ ನಿಂತಿತು. "ಯಾಕ್ರಿ ಮೇಡಂ? ಹೆದರಿಕಿ ಆಗಂಗಿಲ್ಲೇನು?"

"ಆಗತೈತಿ. ಆದ್ರೂ ಬ್ಯಾಡ."

ಕಬ್ಬು ಹೇರಿದ ಟ್ರ್ಯಾಕ್ಟರೊಂದು ಮುಂದೆ ತೆವಳುತ್ತಿತ್ತು. ದಾಟುವ ಧೈರ್ಯ ಬರದೆ ಅವಳು ಅದರ ಹಿಂದೆಯೇ ಉಳಿದಳು.

"ಒಂದ ಮಾತ ಕೇಳ್ಲೇನ್ರಿ ಸರ್? ಈ ಬಟನ್ ಯಾಕ ಕೊಟ್ಟಾರ ಅಂತ ನಿಮಗ ಖರೇನ ಗೊತ್ತಿಲ್ಲೇನು?"

ಅವನು ಕಿಟಕಿಯ ಹೊರಗೆ ನೋಡಿದ. "ಗೊತ್ತೈತ್ರಿ. ಮೊದ್ಲ ಗಾಳಿ ತುಂಬಿಸಿ, ಆಮ್ಯಾಲ ಒತ್ತಬೇಕು."

"ತುಂಬಸದ ಒತ್ತಿದ್ರ?"

"ಇದಕ ಗಾಲಿ ತಿರುಗೂದರ ಮ್ಯಾಲ ಅಂದಾಜು ಮಾಡೂದಷ್ಟ ಗೊತ್ತು. ಒತ್ತಿದಾಗ ಎಷ್ಟ ಗಾಳಿ ಇರತೈತಿ, ಅಷ್ಟ ಸರಿ ಅಂತ ತಿಳ್ಕೊಂಡ ಬಿಡತೈತಿ."

"ಮತ್ತ ಯಾಕ ಒತ್ತಿದ್ರಿ?"

ಅವನು ಕೈ ಹಿಂದೆಳೆದು ತೊಡೆಯ ಮೇಲಿಟ್ಟುಕೊಂಡ.

"ದಿನಾ ಗಾಳಿ ತುಂಬಸಾಕ ನಿಂತು ತಡಾ ಆಗಿ, ಗಾಡಿ ಕೆಟ್ಟೈತಿ ಅಂತ ಗೊತ್ತಾದ್ರ ನಿಮ್ಮವ್ವಾರು ಬಸ್ಸಿಗೆ ಹೋಗು ಅಂತಿದ್ರು. ನೀವು ಹೂಂ ಅಂತಿದ್ರಿ. ನಿಮಗ ಇಲ್ಲ ಅನ್ನಾಕ ಬರಂಗಿಲ್ಲಲ್ರಿ."

ಅದು ನಿಜವೇ. ಅವಳಿಗೆ ಇಲ್ಲ ಅನ್ನಲು ಬರುವುದಿಲ್ಲ. ರವಿವಾರ ನಿಪ್ಪಾಣಿಯಿಂದ ಅವಳನ್ನು ನೋಡಲು ಬರುವವರಿದ್ದರು. ತಮ್ಮದೇ ಜೈನ ಮಂದಿ, ಬಟ್ಟೆ ಅಂಗಡಿಯವರು. ಅವರು ಬರಲೋ ಬೇಡವೋ, ಇವತ್ತು ಸಂಜೆಯೊಳಗೆ ಹೇಳಿಬಿಡು ಎಂದು ಅವ್ವ ಜಿನ್ನವ್ವ ಹೇಳಿ ಕಳಿಸಿದ್ದಳು. ಗುರುಪಾದ ಲಿಂಗಾಯತ. ತನ್ನ ಮನೆಯಲ್ಲಿ ತಂಗಿ ಕಾಜಲ್ ಇನ್ನೂ ಮದುವೆಗಿದ್ದಾಳೆ. ಇದನ್ನೆಲ್ಲ ಕೂಡಿ ಕಳೆದು ನೋಡಿದಾಗ ಅವಳ ಮನಸ್ಸಿಗೆ ಉಳಿಯುತ್ತಿದ್ದದ್ದು ಸೊನ್ನೆ. ಅಷ್ಟರಲ್ಲೇ ಸರಿಯಾಗಿದ್ದೇನೆ ಅಂದುಕೊಂಡು ಅವಳೂ ಓಡಾಡುತ್ತಿದ್ದಳು.

"ಬಟನ್ ಬಗ್ಗೆ ನನಗೂ ಮೊದಲಿಂದ ಗೊತ್ತಿತ್ರಿ," ಅಂದಳು ಮೆಲ್ಲಗೆ. "ಮೊಬೈಲದಾಗ ನೋಡಿದ್ದೆ."

ಅವನು ತಿರುಗಿ ನೋಡಿದ. ಅವಳ ಕಿವಿಯ ತುದಿ ಕೆಂಪಾಗಿತ್ತು.

"ಮತ್ತ ನೀವ್ಯಾಕ ಸುಮ್ನಿದ್ರಿ?"

"ನೀವ ಹೇಳ್ರಿ. ನೀವು ಇತಿಹಾಸದವ್ರು, ಕಾರಣ ಹುಡುಕೂದು ನಿಮ್ಮ ಕೆಲಸ."

ಅವನು ನಗಲು ಹೋದ. ನಗು ತುಟಿಯವರೆಗೆ ಬಂದು ಅಲ್ಲಿಯೇ ಉಳಿಯಿತು.

ಘಟಪ್ರಭಾದಲ್ಲಿ ಪಂಕ್ಚರ್ ಅಂಗಡಿ ಸಿಕ್ಕಿತು. ಹಿಂದಿನ ಟೈರಿನಲ್ಲಿ ಒಂದು ಮೊಳೆ ಹೂತುಕೊಂಡಿತ್ತು. ಅಂಗಡಿಯ ಸಾತಪ್ಪನ ಮುಂದೆ ಆಗಲೇ ಟ್ರ್ಯಾಕ್ಟರಿನ ಎರಡು ಟೈರುಗಳು ಬಿದ್ದಿದ್ದವು. "ಕುಂದರ್ರಿ ಅಕ್ಕಾರ, ತಡಾ ಆಗತೈತಿ," ಅಂದ. ಇಬ್ಬರೂ ಬೆಂಚಿನ ಎರಡು ತುದಿಗಳಲ್ಲಿ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಆ ಜಾಗವನ್ನು ಇಬ್ಬರೂ ನೋಡುತ್ತಿದ್ದರು, ಯಾರೂ ತುಂಬಲಿಲ್ಲ.

ಮೊಳೆ ತೆಗೆದು, ನಾಲ್ಕೂ ಗಾಲಿಗಳಿಗೆ ಗಾಳಿ ತುಂಬಿದ ಮೇಲೆ ಶುಭಾಂಗಿ ತಾನೇ ಬಗ್ಗಿ ಬಟನ್ ಒತ್ತಿ ಹಿಡಿದಳು. ದೀಪ ಮಿನುಗಿತು, ಆರಿತು. ಹೊರಗೆ ಹೊತ್ತು ಮುಳುಗುತ್ತಿತ್ತು.

ಹುಕ್ಕೇರಿಯ ಬಾಡಿಗೆ ಮನೆಯ ಮುಂದೆ ಕಾರು ನಿಂತಾಗ ಕತ್ತಲಾಗಿತ್ತು. ಮನೆಯೊಡತಿ ಕಾಶೆವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಬರ್ರಿ ಮಾಸ್ತರ! ಎಷ್ಟ ತಡಾ ಮಾಡಿದ್ರಿ? ರೊಟ್ಟಿ ಆರಾಕತ್ತಾವ. ಬಾ ತಂಗಿ, ನೀನೂ ಕುಂದರು."

"ನಾ ಉಣ್ಣಂಗಿಲ್ರಿ. ನಾವು ಜೈನರು, ಹೊತ್ತ ಮುಳುಗಿದ ಮ್ಯಾಲ ಉಣ್ಣೂದಿಲ್ಲ," ಅಂದಳು ಶುಭಾಂಗಿ.

"ಅಯ್ಯ, ಹೌದಲ್ಲ! ಹೋಗ್ಲಿ, ಮಾಸ್ತರ, ನೀವರ ಕುಂದರ್ರಿ. ಎಣಗಾಯಿ ಮಾಡೇನಿ."

ಇಬ್ಬರೂ ಪಡಸಾಲೆಗೆ ಬಂದರು; ಗುರುಪಾದ ಹಾಸಿಗೆಯ ಸುರುಳಿಯನ್ನು ರೊಟ್ಟಿಯ ಬುಟ್ಟಿಯ ಪಕ್ಕ ಕೆಳಗಿಟ್ಟ. "ನನಗೂ ಬ್ಯಾಡ್ರಿ."

"ಯಾಕ, ಹಸಿವಿಲ್ಲೇನು?"

"ಹಸಿವೈತ್ರಿ. ಹೊತ್ತ ಮುಳುಗಿದ ಮ್ಯಾಲ ನಾನೂ ಉಣ್ಣೂದಿಲ್ಲ."

ಕಾಶೆವ್ವ ಸೊಂಟದ ಮೇಲೆ ಕೈ ಇಟ್ಟಳು. "ಹಣಿ ತುಂಬ ಇಬತ್ತಿ ಐತಿ, ಕೊಳ್ಳಾಗ ಲಿಂಗ ಐತಿ. ನೀವ್ ಯಾವಾಗ ಜೈನರಾದ್ರಿ ಮಾಸ್ತರ?"

ಅವನು ನೆಲ ನೋಡಿದ. ಶುಭಾಂಗಿ ಅವನನ್ನೇ ನೋಡಿದಳು. ಇಷ್ಟೆಲ್ಲ ಕಣ್ಣಿಟ್ಟು ನೋಡುವವಳು, ಇದೊಂದನ್ನು ಕಂಡಿರಲೇ ಇಲ್ಲ.

"ಕಾಲೇಜಿಗೆ ಸೂಟಿ ಇದ್ದಾಗನೂ?" ಎಂದಳು.

"ಸೂಟಿ ಇದ್ದಾಗನೂ."

"ಯಾವಾಗಿಂದ?"

"ಕಾಲೇಜಿಂದ ಬರೂವಾಗ ಕಲ್ಲೋಳ್ಯಾಗ ಒಮ್ಮಿ ಗಾಡಿ ನಿಂತು ಹೊತ್ತ ಮುಳುಗಿತ್ತಲ್ರಿ. ನೀವು ಹಸಕೊಂಡು ಸುಮ್ನ ಕುಂತಿದ್ರಿ. ನಾನು ಬಾಜೂಕ ನಿಂತು ಮಿರ್ಚಿ ಭಜಿ ತಿಂದೆ. ಅವತ್ತಿಂದ ಹೊತ್ತ ಮುಳುಗಿದ ಮ್ಯಾಲ ತುತ್ತ ಇಳಿವಲ್ದು. ನಮ್ಮವ್ವ ಬೈದು ಬೈದು ಸಾಕಾಗಿ ಈಗ ಲಗೂನ ಅಡಗಿ ಮಾಡತಾಳ."

ಕಾಶೆವ್ವ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹೊರಳಿಸಿದಳು. "ನನಗೊಂದೂ ತಿಳೀವಲ್ದವಾ. ಇವ್ರು ಜೈನರೋ ಅಲ್ಲೋ?"

ಪ್ರತಿ ಮಾತನ್ನೂ ಅಳೆದು ತೂಗಿ ಆಡುವ ಶುಭಾಂಗಿ ಈ ಸಲ ಅಳೆಯಲಿಲ್ಲ.

"ಅಲ್ರಿ. ನನ್ನ ಸಲುವಾಗಿ ಬಿಟ್ಟಾರ," ಅಂದಳು.

ಕಾಶೆವ್ವ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. ಅದನ್ನೆತ್ತಿಕೊಂಡು ಒಳಗೆ ಹೋದಳು.

ಫೋನ್ ಬಡಿದುಕೊಂಡಿತು. ಅವ್ವ. ಶುಭಾಂಗಿ ಅಂಗಳಕ್ಕೆ ಇಳಿಯಲಿಲ್ಲ. ಅವನೆದುರೇ ಎತ್ತಿದಳು.

"ನಿಪ್ಪಾಣಿಯವ್ರಿಗೆ ಏನ್ ಹೇಳ್ಲಿ? ಫೋನ್ ಮ್ಯಾಲ ಫೋನ್ ಹಚ್ಚಾಕತ್ತಾರ."

"ಬರಬ್ಯಾಡ್ರಿ ಅನ್ನವ್ವಾ."

"ಯಾಕ?"

"ಮನಿಗೆ ಬಂದು ಹೇಳತೀನಿ. ಹುಕ್ಕೇರ್ಯಾಗ ಅದೀನಿ, ಗುರುಪಾದ ಸರ್ ಮನ್ಯಾಗ."

ಆ ಕಡೆ ಬೈಗುಳವಿಲ್ಲ, ಅಳುವಿಲ್ಲ. ಬರೀ ಉಸಿರು. ಆಮೇಲೆ ಅದೂ ಇಲ್ಲ. ಅವ್ವ ಫೋನ್ ಇಟ್ಟಿದ್ದಳು.

ಶುಭಾಂಗಿ ಫೋನ್ ಕೆಳಗಿಳಿಸಿದಳು. ಗುರುಪಾದ ಅವಳ ಬೆರಳುಗಳನ್ನು ಒಮ್ಮೆ ಹಿಡಿದ. ಕಾರಿನಲ್ಲಿ ತೋಳು ತಾಗುತ್ತಿದ್ದ ಹಾಗಲ್ಲ, ಗಟ್ಟಿಯಾಗಿ.

"ನಾನೂ ಬರತೀನ್ರಿ."

"ಬ್ಯಾಡ. ಇವತ್ತ ನಾ ಒಬ್ಬಾಕಿನ ಹೋಗಬೇಕು." ಕೈ ಬಿಡಿಸಿಕೊಂಡು ಅವಳು ಹೊಸ್ತಿಲು ದಾಟಿದಳು. ಕತ್ತಲಲ್ಲಿ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. "ರವಿವಾರ ನಿಮ್ಮವ್ವನ್ನ ಕರ್ಕೊಂಡು ನಮ್ಮ ಮನಿಗೆ ಬರ್ರಿ. ಹೊತ್ತ ಮುಳುಗೂದ್ರಾಗ ಬರ್ರಿ."

"ಊಟಕ್ಕೇನ್ರಿ?"

"ಉಣ್ಣಾಕ ನೀಡತಾರೋ ಇಲ್ಲೋ ನನಗ ಗೊತ್ತಿಲ್ಲ," ಅಂದಳು ಶುಭಾಂಗಿ. "ಆದ್ರೂ ಬರ್ರಿ."