ಕಂದಕದ ಬೊಂಬೆಗೆ ಕಟ್ಟಿದ ಹೆಸರು

“ಏನ್ ಬೇಕಾದ್ರೂ ಅಗ್ಕೋ ಮಗಾ. ಆ ಬೊಂಬೆ ಸಿಕ್ಕಿದ್ರೆ ಕೈಲಿ ಹಿಡ್ಕೊಂಡು ನೋಡು, ಬೇಡ ಅನ್ನಲ್ಲ. ಆದ್ರೆ ಅದಕ್ಕೆ ಯಾರ ಹೆಸ್ರೂ ಕಟ್ಟಬೇಡ.”

ಹೆಟ್ಟಿ ಥರ್ಟಲ್ ಮುದುಕಿ ಹೊಲದ ಗೇಟಿನ ಬೀಗ ತೆಗೆಯುತ್ತ ಹೇಳಿದ ಮಾತು ಇದು. ಇಂಗ್ಲೆಂಡಿನ ಸಫಕ್ ಸೀಮೆಯ ಆ ಜಿಗುಟು ಜೇಡಿಮಣ್ಣಿನ ಹೊಲ ಅವಳದು. ಹೊಲದ ನಡುವೆ ನಾಲ್ಕೂ ಕಡೆ ಕಂದಕ ಸುತ್ತಿಕೊಂಡ ಚೌಕ ದಿಬ್ಬವೂ ಅವಳದೇ. ಏಳುನೂರು ವರ್ಷಗಳ ಹಿಂದೆ ಅಲ್ಲಿ ಊರ ಧಣಿಯ ವಾಡೆ ಇತ್ತಂತೆ. ಈಗ ತುರಿಚೆ ಗಿಡ, ಮುಳ್ಳುಪೊದೆ, ಹಗಲೆಲ್ಲ ಜಗಳವಾಡುವ ಕಾಗೆಗಳು.

ಡಾಕ್ಟರ್ ಕ್ರಿಸ್ಪಿನ್ ಹೇಲ್ ನಕ್ಕ. ಪುರಾತತ್ವದ ಅಗೆತಕ್ಕೆ ಮುಖ್ಯಸ್ಥನಾಗಿ ಆಗಷ್ಟೇ ಬಂದಿಳಿದಿದ್ದ. “ಯಾಕಜ್ಜಿ, ಬೊಂಬೆಗೆ ಆಗ್ಲೇ ನಾಮಕರಣ ಆಗಿದೆಯಾ?”

“ನಗಪ್ಪ, ನಗು. ನನ್ನ ಗಂಡನ ಅಜ್ಜನೂ ನಕ್ಕಿದ್ದ. ಹೂಳು ತೆಗೆಯೋವಾಗ ಸಿಕ್ತು ಅಂತ ತಮಾಷೆಗೆ ತಮ್ಮನ ಹೆಸ್ರು ಬರೆದು ಕಟ್ಟಿದ. ತಮ್ಮ ಸತ್ತಿದ್ದು ಒಣಹುಲ್ಲಿನ ಮೇಲೆ. ಬಾಯ್ತುಂಬ ಕಂದಕದ ನೀರು. ಆಮೇಲೆ ಬೊಂಬೇನ ವಾಪಸ್ ಕಂದಕಕ್ಕೇ ಎಸೆದ್ರು.”

ಕ್ರಿಸ್ಪಿನ್‌ಗೆ ಇದ್ದ ಭಯ ಬೇರೆ. ಎಲೆ ಉದುರುವ ಹೊತ್ತಿಗೆ ಅವನ ಗುತ್ತಿಗೆಯ ನೌಕರಿ ಮುಗಿಯುತ್ತಿತ್ತು. ಮಡಕೆ ಚೂರು, ಹಂದಿಯ ಮೂಳೆ ಹೆಕ್ಕಿದವನನ್ನು ಯಾವ ವಿಶ್ವವಿದ್ಯಾಲಯವೂ ಕರೆದು ಕೂರಿಸುವುದಿಲ್ಲ. ಪತ್ರಿಕೆಯವರು ಓಡೋಡಿ ಬರುವಂಥದ್ದು ಒಂದು ಸಿಗಬೇಕಿತ್ತು. ಅಜ್ಜಿಯ ಬೊಂಬೆ ನಿಜವಾಗಿಯೂ ಇದ್ದರೆ ಚೆನ್ನ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಅದು ಇತ್ತು. ತೆಗೆದವಳು ಟಿಲ್ಡಾ ರೆನ್. ಕರಣೆಯೊಂದನ್ನೇ ನಂಬಿ ಊರೂರು ತಿರುಗಿ, ಗುಡಾರದಲ್ಲಿ ಮಲಗಿ, ಕೂಲಿಗೆ ಅಗೆಯುವ ಹೆಣ್ಣುಮಗಳು. ಅವಳು ಎತ್ತಿಕೊಟ್ಟ ಒಡವೆ, ಕತ್ತಿ, ಸಮಾಧಿಗಳೆಲ್ಲ ಇವತ್ತು ಯಾರ್ಯಾರದೋ ಪುಸ್ತಕಗಳಲ್ಲಿ ಯಾರ್ಯಾರದೋ ಹೆಸರಲ್ಲಿವೆ. ಕಂದಕದ ನೀರನ್ನು ಪಂಪು ಹೀರಿ ಮುಗಿಸಿತ್ತು. ಕೆಳಗಿನ ಕಪ್ಪು ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಎದೆಮಟ್ಟದ ಗುಂಡಿಯಿಂದ ಟಿಲ್ಡಾ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಗೇಣುದ್ದದ ಓಕ್ ಮರದ ಬೊಂಬೆ. ಕಣ್ಣಿಲ್ಲ, ಮೂಗಿಲ್ಲ. ಇದ್ದದ್ದು ಬಾಯಿ ಮಾತ್ರ, ತೆರೆದ ಬಾಯಿ, ಒಳಗೆ ಹೊಟ್ಟೆಯವರೆಗೂ ಕೊರೆದ ತೂತು. ಕೊರಳಲ್ಲಿ ಇನ್ನೂ ಕೊಳೆಯದ ಒಂದು ಹುರಿ, ಹುರಿಯ ತುದಿಯಲ್ಲಿ ಬರಿದಾದ ಕುಣಿಕೆ.

ಅಗೆತದವರ ಪದ್ಧತಿ ಒಂದಿದೆ. ಸಿಕ್ಕಿದ ವಸ್ತುವಿಗೆ ಅಲ್ಲೇ ಚೀಟಿ ಕಟ್ಟಬೇಕು, ಚೀಟಿಯಲ್ಲಿ ತೆಗೆದವರ ಹೆಸರು ಇರಬೇಕು. ಚೀಟಿಯಿಲ್ಲದ ವಸ್ತುವನ್ನು ಯಾರೂ ಮೂಸಿ ನೋಡುವುದಿಲ್ಲ.

“ಕಟ್ಟು ಟಿಲ್ಡಾ, ಆ ಅಜ್ಜಿಗೆ ಕಾಣೋ ಹಾಗೆ ದಪ್ಪಕ್ಷರದಲ್ಲಿ ಬರೆದು ಕಟ್ಟು!” ಎಂದು ಕ್ರಿಸ್ಪಿನ್ ದಡದಿಂದ ಕೂಗಿದ. ಎಲ್ಲರೂ ನಕ್ಕರು, ಟಿಲ್ಡಾಳೂ ನಕ್ಕಳು. ಹಾಗೆ ನಗುನಗುತ್ತಲೇ ಕಟ್ಟಿದಳು.

ಸಂಜೆಗೆ ಅವಳಿಗೆ ಕೆಮ್ಮು ಹತ್ತಿತು. ಬೆಳಗಾಗುವಷ್ಟರಲ್ಲಿ ಗುಡಾರದ ತುಂಬ ಕೊಳೆತ ಮೊಟ್ಟೆಯ ವಾಸನೆ; ಅವಳ ತುಟಿಯ ಅಂಚಿನಲ್ಲಿ ಕಪ್ಪು ನೀರು. ಆಸ್ಪತ್ರೆಯವರು ಎದೆಗೆ ಸೋಂಕು ತಗುಲಿದೆ ಎಂದು ಮಲಗಿಸಿಕೊಂಡರು.

ಕ್ರಿಸ್ಪಿನ್ ತಗಡಿನ ಶೆಡ್ಡಿನಲ್ಲಿ ಬೊಂಬೆಯೊಂದಿಗೆ ಒಬ್ಬನೇ ಉಳಿದ. ಒಣಗಿದರೆ ಸೀಳುತ್ತದೆಂದು ಅದನ್ನು ನೀರು ತುಂಬಿದ ಡಬ್ಬಿಯಲ್ಲಿ ಇಟ್ಟಿದ್ದರು. ಅಷ್ಟರಲ್ಲಿ ಪತ್ರಿಕೆಯವರ ಫೋನು ಬಂತು. ಇಂಥ ಅಪರೂಪದ್ದನ್ನು ತೆಗೆದವರು ಯಾರು ಸಾರ್ ಎಂದು ಕೇಳಿದರು.

“ನಾನೇ,” ಅಂದ.

ನಾಲಿಗೆಗೆ ಮೂಳೆಯಿಲ್ಲ, ಹೊರಳಿಬಿಟ್ಟಿತು. ಹೊರಳಿದ ಮೇಲೆ ಸಾಕ್ಷಿಯೂ ಬೇಕಲ್ಲ. ಟಿಲ್ಡಾಳ ಚೀಟಿ ಬಿಚ್ಚಿ ತನ್ನ ಹೆಸರು ಬರೆದ ಚೀಟಿ ಕಟ್ಟಿದ. ಹುತ್ತ ಕಟ್ಟಿದ್ದು ಗೆದ್ದಲು, ಸೇರಿಕೊಂಡದ್ದು ಹಾವು. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಟಿಲ್ಡಾ ಎದ್ದು ಕೂತು, ಹಸಿವು ಅಂದು, ಬ್ರೆಡ್ಡು ಬೆಣ್ಣೆ ತರಿಸಿಕೊಂಡು ತಿಂದಳು.

ಮಾರನೆಯ ದಿನ ಕ್ರಿಸ್ಪಿನ್ ಕುಡಿದ ಚಹಾ ಕೆಸರಿನ ರುಚಿ ಹತ್ತಿತು. ಬೇರೆ ಮಾಡಿಸಿ ಕುಡಿದರೂ ಅದೇ ರುಚಿ. ಮಲಗಿದರೆ ಎದೆಯೊಳಗೆ ಏನೋ ಗುಳುಗುಳು ಎಂದು ಕೊರಳವರೆಗೆ ಏರುತ್ತಿತ್ತು, ಎದ್ದು ಕೂತರೆ ಇಳಿಯುತ್ತಿತ್ತು. ಕೆಮ್ಮಿದ. ಅಂಗೈಯಲ್ಲಿ ಕಪ್ಪು ನೀರು. ಡಬ್ಬಿಯ ಕಡೆ ನೋಡಿದ. ಅವನು ಉಸಿರು ಬಿಟ್ಟಾಗಲೆಲ್ಲ ಬೊಂಬೆಯ ಬಾಯಿಂದ ಒಂದು ಗುಳ್ಳೆ ಮೇಲೇಳುತ್ತಿತ್ತು.

ಚೀಟಿ ಕಿತ್ತು ಸುಟ್ಟ. ಗುಳ್ಳೆ ನಿಲ್ಲಲಿಲ್ಲ. ಬಿದ್ದೆನೋ ಎದ್ದೆನೋ ಎಂದು ಹೆಟ್ಟಿಯ ಅಡುಗೆಮನೆಗೆ ಓಡಿದ.

ಮುದುಕಿ ಸೇಬಿನ ಸಿಪ್ಪೆ ಹೆರೆಯುತ್ತಿದ್ದಳು. ಅವನ ಉಸಿರಿನ ನಾತಕ್ಕೇ ಕುರ್ಚಿ ಹಿಂದಕ್ಕೆ ಸರಿಸಿ, ಚೀಟಿ ಬದಲಿಸಿದ ಕತೆಯನ್ನೆಲ್ಲ ಅವನ ಬಾಯಿಂದ ಕೇಳಿಸಿಕೊಂಡಳು.

“ಬಿಚ್ಚಿದ್ರೆ ಬಿಡಲ್ಲಪ್ಪ ಅದು. ವಾಪಸ್ ಕಂದಕಕ್ಕೆ ಎಸೆದ್ರೂ ಬಿಡಲ್ಲ. ಒಬ್ಳು ಕೆಲಸದ ಹುಡುಗೀನ ವಾಡೆ ಧಣಿ ಈ ಕಂದಕದಲ್ಲಿ ಮುಳುಗಿಸಿ ಕೊಂದ. ಅವಳ ತಾಯಿ ಮಾಟ ಮಾಡಿ ಕೆತ್ತಿದ ಬೊಂಬೆ ಅದು. ಹೆಸ್ರು ಹಿಡಿದ್ಮೇಲೆ ಒಂದು ಜೀವ ಕುಡಿದೇ ಕುಡಿಯತ್ತೆ.”

“ಹಾಗಾದ್ರೆ ಟಿಲ್ಡಾ? ಅವಳು ಬದುಕಿದಾಳಲ್ಲ!”

“ಅವಳ ಜಾಗಕ್ಕೆ ನೀನು ಬಂದ್ಯಲ್ಲಪ್ಪ. ಇನ್ನೊಬ್ಬರ ಹೆಸ್ರು ಬಿದ್ರೆ ಮೊದಲಿನವರನ್ನ ಬಿಡತ್ತೆ. ಉಸಿರಾಡೋರ ಹೆಸ್ರೇ ಆಗ್ಬೇಕು ಮತ್ತೆ.”

“ನಾನೇನು ಕೊಲೆಗಾರನಾ ಅಜ್ಜಿ?”

“ನಂಗೇನು ಗೊತ್ತು?” ಮುದುಕಿ ಚಾಕು ಕೆಳಗಿಡಲಿಲ್ಲ. “ಆದ್ರೆ ನನ್ನ ಹೆಸ್ರು ಬರೆಯೋ ಯೋಚನೆ ಬಿಡು. ಹೆಟ್ಟಿ ಅನ್ನೋದು ಕರೆಯೋ ಹೆಸ್ರು. ನಿಜವಾದ್ದು ಸತ್ರೂ ಹೇಳಲ್ಲ. ಎದ್ದು ಹೋಗು.”

ಅವನು ಕೊಲೆಗಾರನಾಗಲಿಲ್ಲ. ಆ ಮಾತು ಹೇಳಲೇಬೇಕು, ಪೂರ್ತಿ ಒಂದು ದಿನ ಆಗಲಿಲ್ಲ. ಚರ್ಚಿನ ಅಂಗಳಕ್ಕೆ ಹೋಗಿ ಗೋರಿಯ ಮೇಲಿದ್ದ ಸತ್ತವನೊಬ್ಬನ ಹೆಸರು ಬರೆದು ತಂದು ಕಟ್ಟಿದ. ನೀರು ಇಳಿಯಲಿಲ್ಲ, ಇನ್ನಷ್ಟು ಏರಿತು. ಆ ಚೀಟಿಯನ್ನೂ ಕಿತ್ತೆಸೆದ. ಮಲಗಲಾರ. ಬಗ್ಗಲಾರ. ಗೋಡೆಗೆ ಬೆನ್ನುಕೊಟ್ಟು, ಗದ್ದ ಮೇಲೆತ್ತಿ, ಮೂಗಿನ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಗಾಳಿ ಹೀರಿದ. ಡಬ್ಬಿಯಲ್ಲಿ ಗುಳ್ಳೆ. ಮತ್ತೆ ಗುಳ್ಳೆ.

ಮರುದಿನ ಮಧ್ಯಾಹ್ನದ ಬಿಸಿಲಲ್ಲಿ ಶೆಡ್ಡಿನ ಬಾಗಿಲು ದಡಾರನೆ ತೆರೆಯಿತು. ಟಿಲ್ಡಾ. ಕೆನ್ನೆಗೆ ಕೆಂಪು ಮರಳಿತ್ತು. ಕೈಯಲ್ಲಿ ಪತ್ರಿಕೆ.

“ನೀವು ತೆಗೆದ್ರಂತೆ ಡಾಕ್ಟ್ರೇ? ಬೂಟಿಗೆ ಕೆಸರು ಹತ್ತದಂಗೆ ದಡದಲ್ಲಿ ನಿಂತಿದ್ರಿ, ಅಲ್ಲಿಂದ್ಲೇ ತೆಗೆದ್ರಾ? ನಾಚಿಕೆ ಆಗಲ್ವಾ?”

ಅವನು ಬಾಯಿ ತೆರೆದ. ನೀರು ನಾಲಿಗೆಯ ಬುಡದಲ್ಲಿತ್ತು.

“ಎಷ್ಟು ವರ್ಷದಿಂದ ಅಗೀತಿದೀನಿ, ಗೊತ್ತಾ? ಬೆನ್ನು ಹೋಯ್ತು, ಮಂಡಿ ಹೋಯ್ತು. ಒಂದೇ ಒಂದು ವಸ್ತು ನನ್ನ ಹೆಸ್ರಲ್ಲಿ ಉಳೀಲಿ ಅಂದ್ರೆ ಅದನ್ನೂ ಬಾಚ್ಕೊಂಡ್ರಿ.” ಜೇಬಿನಿಂದ ಚೀಟಿ ತೆಗೆದಳು, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ಎಳೆದಳು. “ನಾನೇ ಬರೀತೀನಿ. ತಡೀತೀರೇನು? ತಡೀರಿ ನೋಡೋಣ!”

ತಡೆಯಬಹುದಿತ್ತು. ಬೇಡ ಅನ್ನಬಹುದಿತ್ತು. ಡಬ್ಬಿ ಅವನ ಮಗ್ಗುಲಲ್ಲೇ ಇತ್ತು, ಕೈ ಅಡ್ಡ ಹಿಡಿದಿದ್ದರೂ ಸಾಕಿತ್ತು. ಎದೆ ತುಂಬಿತ್ತು. ಕೊರಳು ತುಂಬಿತ್ತು. ಕಣ್ಣ ಮುಂದೆ ಕತ್ತಲೆ. ಉಳಿದದ್ದು ಒಂದು ಮಾತಿಗಾಗುವಷ್ಟು ಉಸಿರು.

“ಬರಿ,” ಅಂದ.

ಅವಳು ಬರೆದಳು. ಹುರಿಯ ಕುಣಿಕೆಗೆ ಪೋಣಿಸಿದಳು. ಗಂಟು ಹಾಕಿ ಎಳೆದಳು.

ಗಾಳಿ! ಒಣ ಗಾಳಿ, ಬಿಸಿಲಿಗೆ ಕಾದ ತಗಡಿನ ವಾಸನೆಯ ಗಾಳಿ ಅವನ ಎದೆಯ ತಳದವರೆಗೂ ಇಳಿಯಿತು. ಕ್ರಿಸ್ಪಿನ್ ಗೋಡೆಯ ಬುಡದಲ್ಲಿ ಕುಸಿದು ಕೂತು ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ.

ಟಿಲ್ಡಾಳ ಸಿಟ್ಟು ಅಲ್ಲಿಗೇ ತಣ್ಣಗಾಯಿತು. ಒಳ್ಳೆಯವಳು, ಪಾಪ. ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟಳು.

“ಅಳ್ಬೇಡಿ ಡಾಕ್ಟ್ರೇ. ತಪ್ಪು ಮಾಡಿದ್ರಿ, ತಿದ್ಕೊಂಡ್ರಿ. ಬೇರೆಯವರು ಅಷ್ಟೂ ಮಾಡಿಲ್ಲ ನಂಗೆ. ಇನ್ನೇನೂ ಕೋಪ ಇಲ್ಲ, ನಿಜವಾಗ್ಲೂ.” ಅವಳು ಸಣ್ಣಗೆ ಕೆಮ್ಮಿದಳು. ಎದೆ ಉಜ್ಜಿಕೊಂಡು ಮತ್ತೊಮ್ಮೆ ಕೆಮ್ಮಿದಳು. “ಥೂ, ಈ ದರಿದ್ರ ಕೆಮ್ಮು ಪೂರ್ತಿ ಹೋಗೇ ಇಲ್ಲ. ಒಂದು ಲೋಟ ನೀರು ಕೊಡ್ತೀರಾ?”

ಕ್ರಿಸ್ಪಿನ್ ಎದ್ದ. ಕಣ್ಣೊರೆಸಿಕೊಂಡ. ಲೋಟವನ್ನು ಚೆನ್ನಾಗಿ ತೊಳೆದು, ನೀರು ತುಂಬಿಸಿ, ಅವಳ ಕೈಗೆ ಕೊಟ್ಟ.