ಹೊಸಿಲು ಹೊಲ

“ಅಲ್ಲಿ ಕಲ್ಲಿಲ್ಲ, ಬೇರಿಲ್ಲ. ನೇಗಿಲು ಯಾಕೆ ಎತ್ತಬೇಕು? ತಲೆ ಕೆಟ್ಟಿದ್ಯಾ ಅಣ್ಣ?”

“ಅಪ್ಪ ಎತ್ತುತಿದ್ದ. ಬಾಯಿ ಮುಚ್ಕೊಂಡು ನೀನೂ ಎತ್ತು.”

ನಮ್ಮ ಊರು ಈಗ ದಿಬ್ಬದ ಮೇಲಿದೆ. ಹಿಂದೆ ಹೊಳೆಯ ಪಕ್ಕ, ನಮ್ಮ ಕೆಳಗಿನ ಹೊಲವಿರುವಲ್ಲೇ ಇತ್ತಂತೆ. ಯಾಕೆ ಬಿಟ್ಟುಬಂದರೋ ಯಾರಿಗೂ ಗೊತ್ತಿಲ್ಲ. ಆ ಹೊಲಕ್ಕೆ ಹೊಸಿಲು ಹೊಲ ಎಂದೇ ಹೆಸರು. ಉಳುವಾಗ ನಡುವೆ ಒಂದು ಮಾರಿನಷ್ಟು ಜಾಗದಲ್ಲಿ ಎಲ್ಲರೂ ನೇಗಿಲೆತ್ತಿ ದಾಟಿಸುತ್ತಾರೆ.

ತಮ್ಮ ಎತ್ತಲಿಲ್ಲ. ಟ್ರ್ಯಾಕ್ಟರ್ ಅಲ್ಲಿ ದಾಟಿದ್ದೇ ನಿಂತುಹೋಯಿತು. ನಡುಹಗಲು. ಒಲೆಯ ಬೂದಿಗೆ ನೀರು ಚೆಲ್ಲಿದ ವಾಸನೆ ಬಂತು. ಮಗುಚಿದ ಹಸಿ ಮಣ್ಣು ಮುಟ್ಟಿದರೆ ಬೆಚ್ಚಗಿತ್ತು. ಹತ್ತಿರದಲ್ಲೇ ಚಿಲಕ ತೆಗೆದ ಸದ್ದಾಯಿತು.

“ಏನದು?” ಅಂದ ತಮ್ಮ.

ನನಗಿನ್ನೂ ಸಿಟ್ಟು ಇಳಿದಿರಲಿಲ್ಲ. “ಬಾಗಿಲು ತೆಗೆದಿದಾರೆ. ಒಳಗೆ ಹೋಗಿ ಊಟ ಮಾಡ್ಕೊಂಡು ಬಾ.”

“ಸರಿ, ನಿನಗೂ ಒಂದಿಷ್ಟು ಕಟ್ಟಿಸ್ಕೊಂಡು ಬರ್ತೀನಿ,” ಎಂದು ನಗುತ್ತ ಇಳಿದು ಹೋದ. ಆ ಜಾಗದಲ್ಲಿ ಚಪ್ಪಲಿ ಬಿಟ್ಟ. ಬಟಾಬಯಲಿನಲ್ಲಿ ತಲೆ ತಗ್ಗಿಸಿ, ಕಾಲೆತ್ತಿ ದಾಟಿದ. ಹುಡುಗಾಟ ಎಂದು ಬೈದುಕೊಂಡು ನಾನು ಎಂಜಿನ್ ಕಡೆ ತಿರುಗಿದೆ. ಮತ್ತೆ ನೋಡಿದಾಗ ಹೊಲದಲ್ಲಿ ಯಾರೂ ಇರಲಿಲ್ಲ.

ಊರೆಲ್ಲ ಹುಡುಕಿದೆವು, ಹೊಳೆಗೂ ಇಳಿದೆವು. ಚಪ್ಪಲಿ ಎತ್ತಿ ತರಲು ಹೋದರೆ ತಮ್ಮನ ಹೆಂಡತಿ ಬಿಡಲಿಲ್ಲ. “ಹೊರಗೆ ಬಂದಾಗ ಬೇಕಾಗುತ್ತೆ ಭಾವ,” ಅಂದಳು.

ಮಳೆಗಾಲ ಬಂದು ಹೋಯಿತು. ಉಳುವಾಗ ನಾನು ಆ ಚಪ್ಪಲಿಗಳಿಗೆ ತಾಗದಂತೆ ಸುತ್ತಿಕೊಂಡು ಹೋಗುತ್ತೇನೆ. ಅವುಗಳ ಮೇಲೆ ಕೆಸರಿಲ್ಲ, ಧೂಳಿಲ್ಲ. ಇವತ್ತು ಕೈಯಿಟ್ಟು ನೋಡಿದೆ. ಈಗಷ್ಟೇ ಕಾಲಿಂದ ಬಿಟ್ಟ ಹಾಗೆ ಬೆಚ್ಚಗಿದ್ದವು.