ಪ್ರವಾದಿಯ ವೇದಿಕೆಯ ಕೆಳಗೆ

"ಮೈಕ್ ಹಾಕು, ಕೆಲಸ ಮುಗಿಸ್ಕೊಂಡು ಬಾ. ಕಣ್ಣೊರೆಸಿದ ಬಟ್ಟೆ ಮಾತ್ರ ಆ ಪ್ರವಾದಿ ಕೈಗೆ ಕೊಡಬೇಡ," ಎಂದಳು ಅಕ್ಕ.

ತಮ್ಮ ನಕ್ಕುಬಿಟ್ಟ. ಹೆಂಡತಿ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ಕರೆದುಕೊಂಡು ಅಕ್ಕನ ಊರಿಗೆ ಬಂದವನು ಅವನು. ಧ್ವನಿವರ್ಧಕದ ಕೆಲಸ ಬಲ್ಲವನಾದ್ದರಿಂದ ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಬೇಗನೆ ಕೆಲಸ ಸಿಕ್ಕಿತ್ತು. ಅಲ್ಲಿನ ಬೋಧಕನನ್ನು ಊರೆಲ್ಲ ಪ್ರವಾದಿ ಎನ್ನುತ್ತಿತ್ತು.

"ಕುರಿ ತೊಗಲು ಹೊದ್ದ ತೋಳ ಅಂತೀಯಾ? ಕಾಲರಿಗೆ ಮೈಕ್ ಸಿಕ್ಕಿಸೋವಾಗ ಬಾಲ ಇದೆಯಾ ನೋಡ್ತೀನಿ ಬಿಡು. ಕಿವಿಯಲ್ಲೊಂದು ವೈರ್ ಇರುತ್ತೆ. ಹಿಂದಿನಿಂದ ಯಾರೋ ಹೇಳಿಕೊಡ್ತಾರೆ."

"ವೈರ್ ಇಲ್ಲ ಕಣೋ. ಅವನು ಹೇಳಿದ್ದು ನಿಜಾನೇ ಆಗುತ್ತೆ. ನಿಜ ಆಯ್ತು ಅಂತ ನಂಬಬೇಡಿ, ನಿಮ್ಮನ್ನ ಯಾರ ಕಡೆಗೆ ಕರೀತಾನೆ ನೋಡಿ ಅಂತಲ್ವಾ ಸತ್ಯವೇದ ಹೇಳೋದು?" ಅಕ್ಕ ಪಾತ್ರೆ ಉಜ್ಜುತ್ತಲೇ ಇದ್ದಳು. "ನಿಮ್ಮ ಭಾವನೂ ಬಟ್ಟೆ ಕೊಟ್ಟಿದ್ರು. ಈಗ ಅಲ್ಲಿ ಬಾಗಿಲು ಕಾಯ್ತಾರೆ. ನನ್ನ ಕಂಡ್ರೆ ಗುರುತು ಹಿಡೀತಾರೆ. ಅಷ್ಟೇ ಮಾಡ್ತಾರೆ."

ಭಾನುವಾರ ಬೆಳಿಗ್ಗೆ ಅವನು ಪ್ರವಾದಿಯ ಕಾಲರಿಗೆ ಮೈಕ್ ಸಿಕ್ಕಿಸಿದ. ಕಿವಿಯಲ್ಲಿ ವೈರ್ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿಯಿಂದ ಒಣಗದ ಬಟ್ಟೆಯ ಮುಗ್ಗಲು, ಸುಟ್ಟ ಕೂದಲಿನ ಕಮಟು.

"ಕೊನೇಗೆ ಅವಳು ನೀರು ಕೇಳಿದ್ಳು," ಎಂದ ಪ್ರವಾದಿ, ಹವಾಮಾನದ ಮಾತಾಡುವವನಂತೆ. "ಡಾಕ್ಟರ್ ಬೇಡ ಅಂದಿದ್ದಾರೆ ಅಂತ ನೀನು ಕೊಡಲಿಲ್ಲ."

ಆಸ್ಪತ್ರೆಯ ಆ ಕೋಣೆಯಲ್ಲಿ ಅಂದು ಇದ್ದವರು ಅವನು, ಹೆಂಡತಿ ಇಬ್ಬರೇ. ತಿಂಗಳುಗಟ್ಟಲೆ ಅದುಮಿಟ್ಟ ಅಳು ಒಮ್ಮೆಲೇ ನುಗ್ಗಿ ಬಂತು. ಕರವಸ್ತ್ರ ತೊಯ್ದುಹೋಯಿತು.

ದೇವರಿಗೆ ಒಪ್ಪಿಸು ಎನ್ನಲಿಲ್ಲ ಆತ. "ನನಗೆ ಕೊಡು," ಎಂದ.

ಅವನು ಕೊಟ್ಟ. ಪ್ರವಾದಿ ಏನೋ ಮಣಮಣಿಸುತ್ತ ಅದಕ್ಕೊಂದು ಗಂಟು ಹಾಕಿದ. ಎದೆಯೊಳಗಿನಿಂದ ಹಲ್ಲೊಂದು ಕಿತ್ತು ಬಂದ ಹಾಗಾಯಿತು. ಆಮೇಲೆ ಅಲ್ಲಿ ನೋವೂ ಇರಲಿಲ್ಲ, ಏನೂ ಇರಲಿಲ್ಲ.

ಮಧ್ಯಾಹ್ನ ಜನ ಚದುರಿದ ಮೇಲೂ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ನಿಂತಿರಲಿಲ್ಲ. ಎಲ್ಲೋ ತಂತಿ ಸಡಿಲವಾಗಿರಬೇಕೆಂದು ಅವನು ಟಾರ್ಚ್ ಹಿಡಿದು ವೇದಿಕೆಯ ಕೆಳಗೆ ತೆವಳಿದ. ಹಲಗೆಗಳ ಸಂದಿಯಿಂದ ಬರುತ್ತಿದ್ದ ಬೆಳಕು ಸ್ವಲ್ಪ ದೂರದಲ್ಲೇ ಸತ್ತುಹೋಯಿತು. ಅಂಗೈಗೆ ಒದ್ದೆ ತಗುಲಿತು. ಬೆಚ್ಚಗಿತ್ತು.

ಟಾರ್ಚ್ ತಿರುಗಿಸಿದ.

ಕರವಸ್ತ್ರಗಳು. ರಾಶಿ ರಾಶಿ. ಎಲ್ಲಕ್ಕೂ ಗಂಟು. ಗಂಟುಗಳೊಳಗೆ ಕೂದಲು. ಎಲ್ಲವೂ ತೊಟ್ಟಿಕ್ಕುತ್ತಿದ್ದವು. ಸದ್ದು ತಂತಿಯದಲ್ಲ. ಅವು ಅಳುತ್ತಿದ್ದವು. ಹೆಂಗಸರು. ಮುದುಕರು. ಒಂದು ಮಗು. ಹತ್ತಿರದಲ್ಲೇ ಅವನದೇ ದನಿ ಹೆಂಡತಿಯನ್ನು ಕರೆಯುತ್ತಿತ್ತು. ನೀರು ತರ್ತೀನಿ, ಇರು, ಎನ್ನುತ್ತಿತ್ತು.

ಕಿರುಚಬೇಕಿತ್ತು. ಹಾಗನ್ನಿಸಲೇ ಇಲ್ಲ. ತನ್ನ ಕರವಸ್ತ್ರವನ್ನು ಎತ್ತಿಕೊಂಡ. ಗಂಟು ಸಡಿಲವಾಗಿತ್ತು, ಉಗುರು ತಾಗಿಸಿದರೆ ಬಿಚ್ಚುವಷ್ಟು. ಬಹಳ ಹೊತ್ತು ನೋಡಿದ. ಮತ್ತೆ ಇದ್ದಲ್ಲೇ ಇಟ್ಟು, ಮೈಕಿನ ತಂತಿಯನ್ನು ಅಲ್ಲಿಂದ ದೂರಕ್ಕೆ ಎಳೆದ. ಗುಂಯ್ ನಿಂತಿತು.

ಮನೆಯಲ್ಲಿ ಎಲ್ಲವನ್ನೂ ಒಂದೇ ಸಮನೆ ಹೇಳಿದ. ಅಕ್ಕ ಗೋಡೆ ಹಿಡಿದು ನಿಂತಳು.

"ನಿಂದು ಬಿಚ್ಚಿದ್ಯಾ?"

"ಇಲ್ಲ."

"ಯಾಕೋ?"

"ನೋಯುತ್ತೆ."

ಒಳಗೆ ಮಗಳು ಅಮ್ಮ ಬೇಕೆಂದು ಅಳುತ್ತಿದ್ದಳು. ಅವನು ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದು ಕೂತ. ಅಕ್ಕ ಅವನ ಮುಖವನ್ನೇ ನೋಡಿದಳು. ಇಂಥದೊಂದು ಮುಖದ ಜೊತೆ ಅವಳು ಹಿಂದೆಯೂ ಒಂದೇ ಮನೆಯಲ್ಲಿ ಇದ್ದವಳು. ಮರುದಿನವೇ ಊರು ಬಿಡಲು ತನ್ನ ಮತ್ತು ಮಗುವಿನ ಬಟ್ಟೆ ಜೋಡಿಸಿದಳು.

ಬಸ್ಸಿನವರೆಗೆ ಚೀಲ ಹೊತ್ತು ಬಂದವನು ಅವನೇ. "ಬೇಡ ಅನ್ನೋ," ಎಂದಳು ಅಕ್ಕ ಮೆಟ್ಟಿಲ ಮೇಲೆ ನಿಂತು. "ಒಂದ್ಸಲ ಬೇಡ ಅನ್ನು, ಇಳಿದುಬಿಡ್ತೀನಿ."

ಅವನು ಚೀಲವನ್ನು ಅವಳ ಕೈಗೆ ಕೊಟ್ಟ.

ಮಗಳು ಕಿಟಕಿಯ ಗಾಜಿಗೆ ಅಂಗೈ ಒತ್ತಿದಳು. ಅವನಿಗೆ ಅದು ಯಾರದೋ ಮಗುವಿನ ಅಂಗೈ. ಪಕ್ಕದಲ್ಲಿದ್ದವರು ತಮ್ಮವರಿಗೆ ಕೈ ಬೀಸುತ್ತಿದ್ದರು. ಅದನ್ನು ಕಂಡು ಅವನೂ ಬೀಸಿದ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಸಂಜೆಯ ಪ್ರಾರ್ಥನೆಗೆ ಮೈಕ್ ಸರಿಮಾಡಬೇಕಿತ್ತು. ಅವನು ಹೊರಟ.